ಒಂದು ಮುಖ, ಮೂರು ಲೆಕ್ಕ

ನಿಮ್ಮ ಮೂರು ತೊಂದರೆಗಳೂ ನಿಜ, ಆದರೆ ದುಡ್ಡು ಒಂದಕ್ಕೆ ಮಾತ್ರ. ಅಮೆರಿಕದ ಮಾಜಿ ಸೈನಿಕರೊಬ್ಬರಿಗೆ ಅಲ್ಲಿನ ಮಾಜಿ ಸೈನಿಕರ ಇಲಾಖೆಯ ಮೇಲ್ಮನವಿ ಮಂಡಳಿ ಕೊಟ್ಟ ಉತ್ತರದ ಸಾರ ಇಷ್ಟೇ.

ಅವರ ಮುಖದ ಬಲಭಾಗಕ್ಕೆ ಸೇನೆಯಲ್ಲಿದ್ದಾಗ ಪೆಟ್ಟಾಗಿತ್ತು. ಗಾಯ ಮಾಗಿತು, ಕಲೆ ಉಳಿಯಿತು. ಕಲೆಯಿಂದ ಮುಖದ ಅಂದ ಕೆಟ್ಟಿತ್ತು. ಮುಟ್ಟಿದರೆ ನೋಯುತ್ತಿತ್ತು. ಒಳಗಿನ ಸ್ನಾಯುವಿಗೂ ಏಟಾಗಿದ್ದರಿಂದ ಊಟ ಅಗಿಯುವುದೂ ತ್ರಾಸವಾಗಿತ್ತು. ಈ ಮೂರಕ್ಕೂ ನಿಯಮ ಪುಸ್ತಕದಲ್ಲಿ ಬೇರೆ ಬೇರೆ ಕಲಮುಗಳಿದ್ದವು. ಮುಖದ ಕಲೆಗೆ 7800, ನೋಯುವ ಕಲೆಗೆ 7804, ಮುಖದ ಸ್ನಾಯುವಿಗೆ 5325. ಯಾವುದನ್ನು ಹಿಡಿದರೂ ಅವರಿಗೆ ಸಿಗುವುದು ಶೇಕಡಾ 10 ಅಂಗವೈಕಲ್ಯದ ಅಂಕ, ತಿಂಗಳ ಪರಿಹಾರದ ಹಣ ನಿಲ್ಲುವುದು ಈ ಅಂಕದ ಮೇಲೆ. ಮಂಡಳಿ ಇದನ್ನೆಲ್ಲ ಒಪ್ಪಿಕೊಂಡಿತು. ಒಪ್ಪಿಕೊಂಡೂ ಒಂದೇ 10 ಕೊಟ್ಟಿತು. ಮೂರನ್ನು ಒಟ್ಟಿಗೆ ಕೊಟ್ಟರೆ ಒಂದೇ ಗಾಯಕ್ಕೆ ಮೂರು ಸಲ ದುಡ್ಡು ಕೊಟ್ಟ ಹಾಗಾಗುತ್ತದೆ ಅನ್ನುವುದು ಅದರ ವಾದ.

ಈ ಪ್ರಕರಣ 1994ರಲ್ಲಿ ಕೋರ್ಟಿನಲ್ಲಿ ತೀರ್ಮಾನವಾಯಿತು. ಹೆಸರು 'ಎಸ್ತೆಬಾನ್ ವಿರುದ್ಧ ಬ್ರೌನ್'. ಗಾಯದ ಕಲೆಗೆ ಪರಿಹಾರ ಕೇಳುವ ಯಾವ ಮೇಲ್ಮನವಿಯಲ್ಲೂ ಇವತ್ತಿಗೂ ಇದರ ನೆರಳು ಇದ್ದೇ ಇರುತ್ತದೆ. ಕಲೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಆ ಕಲೆ ಎಷ್ಟು ಬೇರೆ ಬೇರೆ ರೀತಿಯಲ್ಲಿ ಕಾಡುತ್ತಿದೆ ಅನ್ನುವುದೇ ಇಲ್ಲಿ ಜಾಸ್ತಿ ತೂಗುತ್ತದೆ ಅಂತ ನನಗನಿಸಿದ್ದು ಈ ಒಂದು ಪ್ರಕರಣವನ್ನು ಬಿಡಿಸಿ ನೋಡಿದಾಗ.

ಎಸ್ತೆಬಾನ್ ಅಂದರೆ ಆ ಮಾಜಿ ಸೈನಿಕ. ಬ್ರೌನ್ ಅಂದರೆ ಆಗ ಮಾಜಿ ಸೈನಿಕರ ಇಲಾಖೆಯ ಕಾರ್ಯದರ್ಶಿಯಾಗಿದ್ದ ಜೆಸ್ಸಿ ಬ್ರೌನ್. ಅಲ್ಲಿ ಕಾರ್ಯದರ್ಶಿ ಅಂದರೆ ನಮ್ಮ ಲೆಕ್ಕದಲ್ಲಿ ಮಂತ್ರಿ. ಇಲಾಖೆಯ ಮೇಲಿನ ಕೇಸುಗಳೆಲ್ಲ ಅವರ ಹೆಸರಿನಲ್ಲೇ ನಡೆಯುತ್ತವೆ, ಅವರಿಗೆ ಪ್ರಕರಣ ಗೊತ್ತಿರಲಿ ಬಿಡಲಿ. ಇಲ್ಲೊಂದು ವಿಚಿತ್ರ ಇದೆ. ಬ್ರೌನ್ ಅವರೇ ಮರೀನ್ ಪಡೆಯಲ್ಲಿದ್ದವರು. 1965ರಲ್ಲಿ ವಿಯೆಟ್ನಾಂನಲ್ಲಿ ಗಾಯಗೊಂಡು ಬಲಗೈಯ ಸ್ವಾಧೀನವನ್ನು ಭಾಗಶಃ ಕಳೆದುಕೊಂಡಿದ್ದರು. ಇಲಾಖೆಗೆ ಬರುವ ಮುಂಚೆ ವರ್ಷಗಟ್ಟಲೆ ಅಂಗವಿಕಲ ಮಾಜಿ ಸೈನಿಕರ ಸಂಘದಲ್ಲೇ ದುಡಿದವರು. ಗಾಯಾಳು ಸೈನಿಕರೊಬ್ಬರ ಕೇಸಿನಲ್ಲಿ ಎದುರುಪಕ್ಷದ ಹೆಸರೂ ಒಬ್ಬ ಗಾಯಾಳು ಸೈನಿಕನದ್ದೇ ಆಗಿತ್ತು.

ಮಂಡಳಿ ಹಾಗೆ ಯಾಕೆ ಹೇಳಿತು

ಮಂಡಳಿಯನ್ನು ಸುಮ್ನೆ ಬೈಯುವುದು ಸರಿಯಲ್ಲ. ಅದರ ಕೈಯಲ್ಲಿ ಒಂದು ನಿಯಮ ಇತ್ತು, ಈಗಲೂ ಇದೆ. ಒಂದೇ ತೊಂದರೆಯನ್ನು ಬೇರೆ ಬೇರೆ ಹೆಸರಿನಲ್ಲಿ ಎರಡು ಸಲ ಲೆಕ್ಕ ಹಾಕಬಾರದು ಅಂತ ಆ ನಿಯಮ ಹೇಳುತ್ತದೆ. ಇದನ್ನು ಅವರು 'ಪಿರಮಿಡಿಂಗ್' ಅನ್ನುತ್ತಾರೆ, ಅಂದರೆ ಒಂದರ ಮೇಲೊಂದು ಪೇರಿಸುವುದು. ನಿಯಮದ ಉದ್ದೇಶ ಸರಿಯಾಗಿಯೇ ಇದೆ. ಈ ಪರಿಹಾರದ ಲೆಕ್ಕ ನಿಂತಿರುವುದೇ ಸಂಪಾದನೆಯ ಶಕ್ತಿ ಸರಾಸರಿ ಎಷ್ಟು ಕುಗ್ಗಿದೆ ಅನ್ನುವುದರ ಮೇಲೆ. ಕುಗ್ಗಿದ್ದು ಒಂದು ಪಾಲಾದರೆ ಎರಡು ಪಾಲಿನ ದುಡ್ಡು ಯಾಕೆ ಕೊಡಬೇಕು, ಅಲ್ವಾ?

ಮಂಡಳಿ ಎಡವಿದ್ದು ಎಲ್ಲಿ ಅಂತ ನೋಡಲು ನಮ್ಮೂರಿನ ಒಂದು ಚಿತ್ರ ಇಟ್ಟುಕೊಳ್ಳೋಣ. ಒಂದು ರಾತ್ರಿ ಜೋರು ಮಳೆ. ಮನೆಯ ಗೋಡೆ ಕುಸಿಯಿತು. ಕೊಟ್ಟಿಗೆಯಲ್ಲಿದ್ದ ಹಸು ಸತ್ತಿತು. ಮೂಟೆಯಲ್ಲಿದ್ದ ರಾಗಿ ನೆನೆದು ಮೊಳಕೆ ಬಂತು. ಬೆಳಿಗ್ಗೆ ಪರಿಹಾರ ಬರೆದುಕೊಳ್ಳಲು ಬಂದವರು, "ಮಳೆ ಒಂದೇ ತಾನೇ, ಗೋಡೆ, ಹಸು, ರಾಗಿ, ಮೂರರಲ್ಲಿ ಯಾವುದಾದರೂ ಒಂದನ್ನು ಬರೆಸಿ" ಅಂದರೆ ಹೇಗಿರುತ್ತದೆ? ಯಾರೂ ಒಪ್ಪುವುದಿಲ್ಲ. ಆದರೆ ಬಿದ್ದ ಅದೇ ಗೋಡೆಯನ್ನು ಒಂದು ಸಲ 'ಗೋಡೆ ಕುಸಿತ' ಅಂತಲೂ ಇನ್ನೊಂದು ಸಲ 'ಮನೆಗೆ ಹಾನಿ' ಅಂತಲೂ ಬರೆಸಿ ಎರಡು ಚೆಕ್ ಪಡೆದರೆ ಅದು ಮೋಸ. ಪಿರಮಿಡ್ ನಿಯಮ ತಡೆಯುವುದು ಈ ಎರಡನೆಯದನ್ನು. ಮಂಡಳಿ ಅದನ್ನು ಮೊದಲನೆಯದಕ್ಕೆ ಹಚ್ಚಿತ್ತು.

ಕೋರ್ಟು ಹೇಳಿದ್ದೂ ಇದನ್ನೇ, ಕಾನೂನಿನ ಭಾಷೆಯಲ್ಲಿ. ಗಾಯ ಒಂದೇನಾ ಅನ್ನುವುದು ಪ್ರಶ್ನೆ ಅಲ್ಲ. ಲಕ್ಷಣಗಳು ಒಂದರೊಳಗೊಂದು ಸೇರಿಕೊಂಡಿವೆಯಾ ಅನ್ನುವುದು ಪ್ರಶ್ನೆ. ನೋಡುವವರ ಕಣ್ಣಿಗೆ ಮುಖ ಕೆಟ್ಟು ಕಾಣುವುದು ಒಂದು. ಕಲೆ ಮುಟ್ಟಿದರೆ ನೋಯುವುದು ಇನ್ನೊಂದು. ಅಗಿಯಲು ಆಗದಿರುವುದು ಮತ್ತೊಂದು. ನೋವನ್ನು ತೆಗೆದುಬಿಟ್ಟರೂ ಮುಖ ಕೆಟ್ಟೇ ಇರುತ್ತದೆ. ಮುಖವನ್ನು ಸರಿಮಾಡಿದರೂ ದವಡೆ ಹಾಗೆಯೇ ಇರುತ್ತದೆ. ಹೀಗೆ ಒಂದನ್ನು ಕಳೆದರೆ ಉಳಿದವು ನಿಲ್ಲುತ್ತವೆ ಅಂದಮೇಲೆ ಅವು ಮೂರು ಬೇರೆ ಹಾನಿಗಳು. 'ಕಳೆದು ನೋಡುವ' ಈ ಉಪಾಯ ನನ್ನದು, ಕೋರ್ಟಿನ ಮಾತಲ್ಲ. ಕೋರ್ಟು ಹೇಳಿದ್ದು, ಒಂದರ ಲಕ್ಷಣ ಇನ್ನೊಂದನ್ನು ನಕಲು ಮಾಡಬಾರದು, ಅದರೊಳಗೆ ಸೇರಿಕೊಂಡಿರಬಾರದು ಅಂತ. ಇಲ್ಲಿ ಹಾಗಿರಲಿಲ್ಲ. ಆದ್ದರಿಂದ ಮೂರೂ 10ಗಳು ಅವರಿಗೆ ಸಲ್ಲಬೇಕು ಅಂತ ತೀರ್ಪಾಯಿತು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸಾಮಾನ್ಯವಾಗಿ ಈ ಕೋರ್ಟು ಮಂಡಳಿಯ ತಪ್ಪು ಕಂಡರೆ ಕೇಸನ್ನು ವಾಪಸ್ ಕಳಿಸುತ್ತದೆ. ಮತ್ತೆ ನೋಡಿ, ಕಾರಣ ಸರಿಯಾಗಿ ಬರೆಯಿರಿ, ಇನ್ನೊಂದು ತಪಾಸಣೆ ಮಾಡಿಸಿ ಅನ್ನುತ್ತದೆ. ಮಾಜಿ ಸೈನಿಕರು ಇದಕ್ಕೆ ಬೇಸತ್ತು, ಗಾಣದೆತ್ತಿನ ಹಾಗೆ ಸುತ್ತುವುದೇ ಆಯಿತು ಅಂದುಕೊಳ್ಳುವುದು ಸಹಜ. ಎಸ್ತೆಬಾನ್ ಪ್ರಕರಣದಲ್ಲಿ ಆ ಪೇಚು ಕಡಿಮೆಯಾಯಿತು. ಯಾಕೆಂದರೆ ಯಾವ ಸಂಗತಿಯ ಬಗ್ಗೆಯೂ ಜಗಳ ಇರಲಿಲ್ಲ. ಮೂರು ತೊಂದರೆಗಳಿವೆ, ಒಂದೊಂದಕ್ಕೂ 10 ಸಲ್ಲುತ್ತದೆ ಅಂತ ಮಂಡಳಿಯೇ ಬರೆದಿತ್ತು. ಉಳಿದಿದ್ದು ಬರೀ ಕಾನೂನಿನ ಪ್ರಶ್ನೆ. ಕಾನೂನಿನ ಪ್ರಶ್ನೆಯಲ್ಲಿ ಕೋರ್ಟು ಮಂಡಳಿಯ ಮುಖ ನೋಡಬೇಕಾಗಿಲ್ಲ. ಸಂಗತಿಯ ಪ್ರಶ್ನೆಯಾದರೆ, ಉದಾಹರಣೆಗೆ 'ಕಲೆ ನಿಜವಾಗಿ ನೋಯುತ್ತದೆಯಾ' ಅನ್ನುವುದಾದರೆ, ಮಂಡಳಿ ಢಾಳಾಗಿ ತಪ್ಪಿದ್ದರೆ ಮಾತ್ರ ಕೋರ್ಟು ಕೈಹಾಕುತ್ತದೆ.

ಅಂದಹಾಗೆ, ಹತ್ತು ವರ್ಷ ಮುಂಚೆ ಇದೇ ಕೇಸು ಬಂದಿದ್ದರೆ ಹೋಗಲು ಕೋರ್ಟೇ ಇರಲಿಲ್ಲ. ಈ ಇಲಾಖೆಯ ಪರಿಹಾರದ ತೀರ್ಮಾನಗಳನ್ನು ಪ್ರಶ್ನಿಸಲು ಪ್ರತ್ಯೇಕ ಕೋರ್ಟು ಬೇಕು ಅಂತ ಕಾನೂನು ಆಗಿದ್ದು 1988ರಲ್ಲಿ. ಅಲ್ಲಿಯ ತನಕ ಮಂಡಳಿಯ ಮಾತೇ ಕೊನೆ. ವಕೀಲರ ಫೀಜಿಗೆ ಅಂತರ್ಯುದ್ಧದ ಕಾಲದಲ್ಲಿ ಹಾಕಿದ್ದ 10 ಡಾಲರ್ ಮಿತಿಯೂ ಅಲ್ಲಿಯ ತನಕ ಹಾಗೆಯೇ ನಡೆದುಕೊಂಡು ಬಂದಿತ್ತು. ಸೈನಿಕರನ್ನು ವಕೀಲರು ದೋಚಬಾರದು ಅನ್ನುವ ಒಳ್ಳೆಯ ಉದ್ದೇಶ ಅದರ ಹಿಂದಿತ್ತು. ಆದರೆ 10 ಡಾಲರಿಗೆ ಯಾವ ವಕೀಲ ಬರುತ್ತಾನೆ?

ಮೂರು ಹತ್ತು ಸೇರಿದರೆ ಮೂವತ್ತಲ್ಲ

ಮೂರು 10ಗಳನ್ನು ಕೂಡಿದರೆ 30. ಆದರೆ ಅಲ್ಲಿ ಕೂಡುವ ರೀತಿ ಬೇರೆ. ಸೀರೆ ಅಂಗಡಿಯಲ್ಲಿ 'ಡಿಸ್ಕೌಂಟಿನ ಮೇಲೆ ಡಿಸ್ಕೌಂಟ್' ಅಂತ ಬೋರ್ಡು ಹಾಕಿರುತ್ತಾರಲ್ಲ, ಅದೇ ಲೆಕ್ಕ. ಮೊದಲ 10 ಕಳೆದರೆ ಮನುಷ್ಯನಲ್ಲಿ 90 ಪಾಲು ಶಕ್ತಿ ಉಳಿಯಿತು. ಎರಡನೆಯ 10 ಹೋಗುವುದು ಆ 90ರಲ್ಲಿ, ಅಂದರೆ 9. ಒಟ್ಟು 19. ಉಳಿದದ್ದು 81. ಮೂರನೆಯ 10 ಆ 81ರಲ್ಲಿ, ಸುಮಾರು 8. ಒಟ್ಟು 27. ಕೊನೆಗೆ ಹತ್ತಿರದ ಹತ್ತಕ್ಕೆ ತಿರುಗಿಸಬೇಕು, 27 ಹೋಗಿ 30 ಆಗುತ್ತದೆ. ಬಳಸುದಾರಿಯಲ್ಲಿ ಸುತ್ತಿ 30ಕ್ಕೇ ಬಂದು ನಿಂತಿತು. ಎಲ್ಲ ಸಲವೂ ಹೀಗೆ ಅದೃಷ್ಟ ಕೂಡಿ ಬರುವುದಿಲ್ಲ. ಎರಡೇ 10 ಇದ್ದಿದ್ದರೆ 19, ಅದೂ 20 ಆಗುತ್ತಿತ್ತು. ಆದರೆ 24 ಬಂದರೆ 20ಕ್ಕೇ ಇಳಿಯುತ್ತದೆ.

30 ಅನ್ನುವ ಅಂಕಿಗೆ ಒಂದು ವಿಶೇಷ ಇದೆ. ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ ಇದ್ದರೆ ಹೆಚ್ಚುವರಿ ಹಣ ಶುರುವಾಗುವುದು 30ರಿಂದಲೇ. 10 ಅಥವಾ 20ರಲ್ಲಿ ಇರುವವರಿಗೆ ಮನೆಯಲ್ಲಿ ಎಷ್ಟು ಜನ ಇದ್ದರೂ ಅಷ್ಟೇ ಹಣ. 2025ರ ದರದಲ್ಲಿ 10 ಇದ್ದವರಿಗೆ ತಿಂಗಳಿಗೆ 175 ಡಾಲರ್ 51 ಸೆಂಟ್. 30 ಇದ್ದು ಒಬ್ಬರೇ ಇದ್ದರೆ 537 ಡಾಲರ್ 42 ಸೆಂಟ್. ಮೂರು ಪಟ್ಟಿಗಿಂತ ಜಾಸ್ತಿ, ತೆರಿಗೆಯೂ ಇಲ್ಲ. ಕೊಡಗಿನ ಕಡೆಯ ಮಾಜಿ ಸೈನಿಕರ ಮನೆಗಳಲ್ಲಿ ಅಂಗವೈಕಲ್ಯ ಪಿಂಚಣಿಯ ಮಾತು ಬಂದರೆ 20 ಅನ್ನುವ ಅಂಕಿ ಕೇಳಿಬರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಅಷ್ಟಾದರೂ ಇರಬೇಕು. ಅಲ್ಲಿ 10ರಿಂದಲೇ ಕೈಗೆ ಹಣ ಬರುತ್ತದೆ. ಅದಕ್ಕೇ ಅಲ್ಲಿ ಒಂದೊಂದು ಹತ್ತಕ್ಕೂ ಇಷ್ಟು ಹೋರಾಟ.

'ಅಸಹ್ಯ'ದಿಂದ ಸ್ಕೇಲಿಗೆ

1994ರಲ್ಲಿ ಮುಖದ ಕಲೆಯನ್ನು ಅಳೆಯುತ್ತಿದ್ದದ್ದು ಪದಗಳಿಂದ. ಕಲೆ ಅಲ್ಪವಾಗಿದ್ದರೆ 0. ಮಧ್ಯಮವಾಗಿ ವಿಕಾರವಾಗಿದ್ದರೆ 10. ತೀವ್ರವಾಗಿದ್ದು, ಅದರಲ್ಲೂ ರೆಪ್ಪೆ, ತುಟಿ, ಕಿವಿ ಸೊಟ್ಟಗಾಗಿ ನೋಡಲು ಕೆಟ್ಟದಾಗಿದ್ದರೆ 30. ಮುಖದ ಒಂದು ಪಕ್ಕ ಪೂರ್ತಿ ಕೆಟ್ಟಿದ್ದರೆ ಅಥವಾ ಅಸಹ್ಯ ಹುಟ್ಟಿಸುವಂತಿದ್ದರೆ 50. ಇದನ್ನು ಓದಿದಾಗ ನನಗೆ ಕಸಿವಿಸಿ ಆಯಿತು. ಯಾರೋ ಒಬ್ಬ ಅಧಿಕಾರಿ ಕಡತ ತೆರೆದು, ಈ ಮುಖ 'ಮಧ್ಯಮ'ವೋ 'ಅಸಹ್ಯ'ವೋ ಅಂತ ತೂಗಿ ನೋಡಬೇಕು. ಹಣ ಜಾಸ್ತಿ ಬೇಕಾದರೆ ಆ ಸೈನಿಕ ನನ್ನ ಮುಖ ಅಸಹ್ಯವಾಗಿದೆ ಅಂತ ತಾನೇ ವಾದ ಮಾಡಬೇಕು.

2002ರ ಆಗಸ್ಟ್‌ನಲ್ಲಿ ಇದು ಬದಲಾಯಿತು. ಪದಗಳ ಜಾಗಕ್ಕೆ ಅಳತೆ ಬಂತು. ತಲೆ, ಮುಖ, ಕತ್ತಿನ ಕಲೆಗಳಿಗೆ ವಿಕಾರದ 8 ಲಕ್ಷಣಗಳನ್ನು ಗುರುತಿಸಿದರು. ಕಲೆ 13 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದ ಇದೆಯಾ? ಅತಿ ಅಗಲದ ಜಾಗದಲ್ಲಿ 0.6 ಸೆಂಟಿಮೀಟರ್ ಆದರೂ ಇದೆಯಾ? ಕೈಯಾಡಿಸಿದರೆ ಉಬ್ಬು ಅಥವಾ ತಗ್ಗು ತಿಳಿಯುತ್ತದೆಯಾ? ಕೆಳಗಿನ ಮಾಂಸಕ್ಕೆ ಅಂಟಿಕೊಂಡಿದೆಯಾ? ಇವು ನಾಲ್ಕು. ಇನ್ನು ನಾಲ್ಕು ಲಕ್ಷಣಗಳು ಚರ್ಮದ ಬಣ್ಣ ಬದಲಾಗಿರುವುದು, ಚರ್ಮದ ಮೇಲ್ಮೈ ಕೆಟ್ಟಿರುವುದು, ಕೆಳಗಿನ ಮೆತ್ತನೆಯ ಮಾಂಸ ಹೋಗಿರುವುದು, ಚರ್ಮ ಗಟ್ಟಿಯಾಗಿ ಬಾಗದಿರುವುದು. ಈ ಕೊನೆಯ ನಾಲ್ಕೂ 39 ಚದರ ಸೆಂಟಿಮೀಟರಿಗಿಂತ ಹೆಚ್ಚು ಜಾಗದಲ್ಲಿ ಇದ್ದರೆ ಮಾತ್ರ ಲೆಕ್ಕಕ್ಕೆ. ಒಂದು ಲಕ್ಷಣ ಇದ್ದರೆ 10. ಎರಡು ಅಥವಾ ಮೂರು ಇದ್ದರೆ 30. ನಾಲ್ಕು ಅಥವಾ ಐದಕ್ಕೆ 50. ಆರು ಅಥವಾ ಹೆಚ್ಚು ಇದ್ದರೆ 80. ಮಾಂಸ ಹೋಗಿ ಮೂಗು, ಕಣ್ಣು, ಕಿವಿ, ತುಟಿಯಂಥ ಅಂಗ ಸೊಟ್ಟಗಾಗಿದ್ದರೆ ಅದಕ್ಕೆ ಬೇರೆ ದಾರಿಯೂ ಇದೆ.

39 ಚದರ ಸೆಂಟಿಮೀಟರ್ ಅಂದರೆ ಒಂದೊಂದು ಬದಿ ಆರೂಕಾಲು ಸೆಂಟಿಮೀಟರ್ ಇರುವ ಚೌಕ. ಕೆನ್ನೆಯ ಮೇಲೆ ಇಟ್ಟು ನೋಡಿ, ಕೆನ್ನೆಯ ಬಹುಪಾಲು ಮುಚ್ಚಿಹೋಗುತ್ತದೆ. ಸುಟ್ಟಗಾಯ ಬಿಟ್ಟರೆ ಅಷ್ಟು ದೊಡ್ಡ ಕಲೆ ಮುಖದಲ್ಲಿ ಇರುವುದು ಅಪರೂಪ. ಹಾಗಾಗಿ ಚಿಕ್ಕ ಕಲೆಗಳ ಮಟ್ಟಿಗೆ ನಿಜವಾದ ಜಗಳ ಮೊದಲ ನಾಲ್ಕು ಲಕ್ಷಣಗಳ ಸುತ್ತಲೇ. ನಮ್ಮ ಹಾಗೆ ಕಂದು ಮೈಬಣ್ಣ ಇರುವವರಿಗೆ ಗೊತ್ತು, ಗಾಯ ಮಾಗಿದ ಮೇಲೂ ಕಪ್ಪು ಕಲೆ ವರ್ಷಗಟ್ಟಲೆ ಉಳಿಯುತ್ತದೆ. ಅಷ್ಟಕ್ಕೇ ಅಲ್ಲಿ ಅಂಕ ಸಿಗುವುದಿಲ್ಲ. ಕಲೆ ಕೆಲಾಯ್ಡ್ ಆಗಿ ಉಬ್ಬಿದರೆ ಸಿಗುತ್ತದೆ, ಆಗ ಬಣ್ಣದ ಗೊಡವೆ ಬೇಕಿಲ್ಲ.

ನಿಯಮದ ಜೊತೆ ಕೆಲವು ಟಿಪ್ಪಣಿಗಳೂ ಬಂದವು. ಒಂದರ ಪ್ರಕಾರ ಬಣ್ಣದ ಫೋಟೋಗಳನ್ನು ನೋಡಬೇಕು, ಅವು ತಿದ್ದದ ಫೋಟೋಗಳಾಗಿರಬೇಕು. ಸ್ಟುಡಿಯೋದವರು ಟಚಪ್ ಮಾಡಿದ ಮದುವೆ ಫೋಟೋ ನಡೆಯುವುದಿಲ್ಲ. ಇನ್ನೊಂದು ಟಿಪ್ಪಣಿ 2008ರ ತಿದ್ದುಪಡಿಯಲ್ಲಿ ಬಂತು. ಮುಖದ ಕಲೆಯಿಂದ ವಿಕಾರವಲ್ಲದೆ ಬೇರೆ ತೊಂದರೆಗಳೂ ಇದ್ದರೆ, ಅಂದರೆ ನೋವು, ಚರ್ಮ ಕಿತ್ತುಬರುವುದು, ಸ್ನಾಯು ಅಥವಾ ನರದ ಹಾನಿ ಇದ್ದರೆ, ಅವಕ್ಕೆ ಪ್ರತ್ಯೇಕ ಅಂಕ ಕೊಟ್ಟು ಕೂಡಬೇಕು ಅಂತ ಅದು ಹೇಳುತ್ತದೆ. ನೀವು ಈಗಾಗಲೇ ಗುರುತಿಸಿರಬಹುದು, ಇದು ಎಸ್ತೆಬಾನ್ ಕೇಳಿದ್ದೇ. ಕೋರ್ಟಿಗೆ ಹೋಗಿ ಪಡೆದದ್ದು ಹದಿನಾಲ್ಕು ವರ್ಷ ಆದ ಮೇಲೆ ನಿಯಮದ ಪುಸ್ತಕದೊಳಗೇ ಸೇರಿಕೊಂಡಿತು.

ಅದೇ ಮುಖ, ಇವತ್ತು

ಅದೇ ಮುಖ ಇವತ್ತು ತಪಾಸಣೆಗೆ ಬಂದರೆ ಏನಾಗುತ್ತದೆ ಅಂತ ನೋಡೋಣ. ಇಲ್ಲಿಂದ ಮುಂದಿನ ಅಳತೆಗಳು ನಾನು ಊಹಿಸಿಕೊಂಡವು. ಕಲೆಯ ಉದ್ದ 13 ಸೆಂಟಿಮೀಟರ್ ಇಲ್ಲ, ಆದರೆ ಕೈಗೆ ಉಬ್ಬು ಸಿಗುತ್ತದೆ. ಅಲ್ಲಿಗೆ ಒಂದು ಲಕ್ಷಣ, 10 ಸಿಕ್ಕಿತು. ಅಗಲ 0.6 ಇದ್ದರೆ ಎರಡು ಲಕ್ಷಣ, ನೇರವಾಗಿ 30ಕ್ಕೆ ಜಿಗಿತ. ಮಧ್ಯದಲ್ಲಿ 20 ಇಲ್ಲ. ನೋವಿಗೆ ಪ್ರತ್ಯೇಕ 10, ಅಗಿಯುವ ತೊಂದರೆಗೆ ಇನ್ನೊಂದು 10. 30ರ ಮೇಲೆ 10 ಅಂದರೆ 37, ಅದರ ಮೇಲೆ 10 ಅಂದರೆ 43. ಕೊನೆಗೆ 40.

ನೋವಿನ ಕಲಮು 7804 ಕೂಡ ಈಗ ಮೊದಲಿನ ಹಾಗಿಲ್ಲ. 1994ರಲ್ಲಿ ವೈದ್ಯರು ಪರೀಕ್ಷೆ ಮಾಡಿದಾಗ ನೋವು ಕಣ್ಣಿಗೆ ಕಾಣುವ ಹಾಗೆ ಸಾಬೀತಾಗಬೇಕು ಅಂತಿತ್ತು. ಈಗ ಕಲೆ ನೋಯುತ್ತದೆ ಅನ್ನುವುದಷ್ಟೇ ಸಾಕು. ಇದು ಸಣ್ಣ ಬದಲಾವಣೆ ಅಲ್ಲ. ತಪಾಸಣೆಯ ಹತ್ತು ನಿಮಿಷದಲ್ಲಿ ನೋಯದೆ ಚಳಿಗಾಲದ ಬೆಳಿಗ್ಗೆ ಮಾತ್ರ ನೋಯುವ ಕಲೆಗಳಿರುತ್ತವೆ. ನನಗೆ ನೋಯುತ್ತದೆ ಅನ್ನಲು ವೈದ್ಯನೇ ಆಗಬೇಕಿಲ್ಲ ಅಂತ ಕೋರ್ಟುಗಳೂ ಒಪ್ಪಿವೆ. ಇಂಥದ್ದು ತಾನೇ ಅನುಭವಿಸುವ ವಿಷಯ, ಅದಕ್ಕೆ ತನ್ನ ಮಾತೇ ಸಾಕ್ಷಿ. ಹೆಂಡತಿಯೋ ಜೊತೆ ಕೆಲಸ ಮಾಡುವವರೋ ಕಂಡದ್ದನ್ನು ಬರೆದುಕೊಟ್ಟರೆ ಅದೂ ಸಾಕ್ಷಿ. ಮಂಡಳಿ ಇಂಥ ಮಾತನ್ನು ನಂಬದಿರಬಹುದು, ಆದರೆ ಯಾಕೆ ನಂಬಲಿಲ್ಲ ಅಂತ ಬರೆಯಲೇಬೇಕು. ಬರೆಯದಿದ್ದರೆ ಕೋರ್ಟಿನಲ್ಲಿ ಆ ತೀರ್ಪು ನಿಲ್ಲುವುದು ಕಷ್ಟ.

7804ರಲ್ಲಿ ಕಲೆಗಳನ್ನು ಎಣಿಸುತ್ತಾರೆ. ನೋಯುವ ಅಥವಾ ಪದೇ ಪದೇ ಚರ್ಮ ಕಿತ್ತುಬರುವ ಕಲೆ ಒಂದೋ ಎರಡೋ ಇದ್ದರೆ 10. ಮೂರು ಅಥವಾ ನಾಲ್ಕಕ್ಕೆ 20. ಐದು ಅಥವಾ ಹೆಚ್ಚು ಇದ್ದರೆ 30. ನಾಲ್ಕು ಕಡೆ ಬಾಂಬಿನ ಚೂರು ಬಡಿದ ಸೈನಿಕರಿಗೆ ಈ ಎಣಿಕೆ ದೊಡ್ಡ ವಿಷಯ. ಒಂದೇ ಕಲೆ ನೋಯುತ್ತಲೂ ಇದೆ, ಚರ್ಮವೂ ಕಿತ್ತುಬರುತ್ತಿದೆ ಅಂದರೆ ಮೇಲೆ ಇನ್ನೊಂದು 10 ಸೇರಿಸಬೇಕು. ನಮ್ಮ ಮುಖದ ಲೆಕ್ಕದಲ್ಲಿ ಕಲೆಯ ಚರ್ಮವೂ ಆಗಾಗ ಸುಲಿಯುತ್ತಿದ್ದರೆ 30, 20, 10 ಕೂಡಿ 50 ಆಗುತ್ತದೆ.

ಮುಖದಿಂದ ಕೆಳಗೆ ಇಳಿದರೆ ಕಾನೂನಿನ ಕೈ ಬಿಗಿಯಾಗುತ್ತದೆ. ಕಾಲು, ಕೈ, ಬೆನ್ನಿನ ಕಲೆ ಮೇಲುಮೇಲಿನದಾಗಿದ್ದು ನೋವೂ ಇಲ್ಲದಿದ್ದರೆ, 10 ಸಿಗಬೇಕಾದರೆ ಅದು 929 ಚದರ ಸೆಂಟಿಮೀಟರ್ ಇರಬೇಕು. ಪ್ರಿಂಟರಿಗೆ ಹಾಕುವ ಎ-4 ಹಾಳೆ ಇದೆಯಲ್ಲ, ಅಂಥ ಒಂದೂವರೆ ಹಾಳೆಯಷ್ಟು. ಕಲೆಯ ಕೆಳಗಿನ ಮಾಂಸಕ್ಕೂ ಹಾನಿಯಾಗಿದ್ದರೆ 39 ಚದರ ಸೆಂಟಿಮೀಟರಿಂದಲೇ 10 ಶುರು, ಮೇಲಕ್ಕೆ 40ರ ತನಕ. 2018ರ ಆಗಸ್ಟ್‌ಗೆ ಮುಂಚೆ ಇಲ್ಲಿ 'ಆಳವಾದ' ಅನ್ನುವ ಪದ ಇತ್ತು, ಈಗ ಕೆಳಗಿನ ಮಾಂಸದ ಹಾನಿ ಅಂತ ಬಿಡಿಸಿ ಹೇಳಿದ್ದಾರೆ. ಮಂಡಿ ಆಪರೇಷನ್ ಆಗಿ ಉಳಿದ ಗೆರೆಯಂಥ ಕಲೆಗೆ, ನೋವಿಲ್ಲದಿದ್ದರೆ, ಸಾಮಾನ್ಯವಾಗಿ ಸಿಗುವುದು ಸೊನ್ನೆ. ಸೊನ್ನೆ ಅಂದರೆ ತಿರಸ್ಕಾರ ಅಲ್ಲ. ಇದು ಸೇವೆಯಿಂದಲೇ ಬಂದ ಕಲೆ ಅಂತ ಸರ್ಕಾರ ಒಪ್ಪಿದ ಹಾಗೆ. ಮುಂದೆ ಕಲೆ ನೋಯಲು ಶುರುವಾದರೆ ಆ ಅರ್ಧ ಜಗಳ ಮೊದಲೇ ಮುಗಿದಿರುತ್ತದೆ.

ಎಸ್ತೆಬಾನ್ ಎಲ್ಲಿ ಕೈಕೊಡುತ್ತದೆ

ಈ ತೀರ್ಪು ಹಿಡಿದುಕೊಂಡು ಬಂದವರೆಲ್ಲ ಗೆಲ್ಲುವುದಿಲ್ಲ. ಮಂಡಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕೀಲಿನ ಸವೆತಕ್ಕೆ ಒಬ್ಬರಿಗೆ ಈಗಾಗಲೇ ಪರಿಹಾರ ಬರುತ್ತಿದೆ. ಆ ಪರಿಹಾರದಲ್ಲಿ ಮಂಡಿ ಬಗ್ಗಿಸಿದರೆ ಆಗುವ ನೋವೂ ಸೇರಿದೆ. ಈಗ ಅವರು ಆಪರೇಷನ್ ಕಲೆಯ ನೋವಿಗೆ ಬೇರೆ 10 ಕೇಳುತ್ತಾರೆ. ತಪಾಸಣೆ ಮಾಡಿದವರು ನೋವು ಎಲ್ಲಿ ಅಂತ ಬಿಡಿಸಿ ಬರೆಯಬೇಕು. ಕಲೆಯನ್ನು ಬೆರಳಿನಿಂದ ಒತ್ತಿದರೆ ನೋಯುತ್ತದೆಯಾ, ಪ್ಯಾಂಟಿನ ಬಟ್ಟೆ ತಾಗಿದರೆ ಉರಿಯುತ್ತದೆಯಾ? ಹಾಗಿದ್ದರೆ ಅದು ಕಲೆಯ ನೋವು, ಇನ್ನೊಂದು 10ಕ್ಕೆ ದಾರಿ ಇದೆ. ನಡೆಯುವಾಗ ಮಂಡಿಯೊಳಗೆ ಮಾತ್ರ ನೋಯುತ್ತದೆ ಅಂದರೆ ಅದನ್ನು ಒಮ್ಮೆ ಎಣಿಸಿ ಆಗಿದೆ. ಬಿದ್ದ ಗೋಡೆಯನ್ನು ಎರಡು ಸಲ ಬರೆಸಿದ ಹಾಗಾಗುತ್ತದೆ.

ನನ್ನ ಪ್ರಕಾರ ಇಂಥ ಪ್ರಕರಣಗಳಲ್ಲಿ ಅರ್ಧ ಸೋಲು ಕೋರ್ಟಿಗೆ ಹೋಗುವ ಮುಂಚೆಯೇ, ತಪಾಸಣೆಯ ಕೋಣೆಯಲ್ಲೇ ಆಗಿರುತ್ತದೆ. 'ಕಲೆ ನೋಯುತ್ತದೆ' ಅಂತ ಹೇಳುವ ಬದಲು 'ಕಾಲು ನೋಯುತ್ತದೆ' ಅಂದುಬಿಟ್ಟಿರುತ್ತಾರೆ. ಸೈನ್ಯದಲ್ಲಿದ್ದವರಿಗೆ ನೋವು ಹೇಳಿಕೊಳ್ಳುವ ಅಭ್ಯಾಸವೂ ಕಡಿಮೆ. ಹೇಗಿದ್ದೀರಿ ಅಂದರೆ ಚೆನ್ನಾಗಿದ್ದೇನೆ ಅನ್ನುತ್ತಾರೆ. ಬರೆದುಕೊಳ್ಳುವವರು 'ನೋವಿಲ್ಲ' ಅಂತ ಗುರುತು ಹಾಕುತ್ತಾರೆ.

ಆಮೇಲಿನ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. 2019ರ ಫೆಬ್ರುವರಿ 19ರಿಂದ ಹೊಸ ಪದ್ಧತಿ ಜಾರಿಯಲ್ಲಿದೆ. ಮೊದಲ ತೀರ್ಮಾನ ಸರಿಯಿಲ್ಲ ಅನ್ನಿಸಿದರೆ ಒಂದು ವರ್ಷದೊಳಗೆ ಮೂರರಲ್ಲಿ ಒಂದು ದಾರಿ ಹಿಡಿಯಬೇಕು. ಹೊಸ ಸಾಕ್ಷ್ಯ ಕೊಟ್ಟು ಮತ್ತೆ ಅರ್ಜಿ ಹಾಕಬಹುದು. ಅದೇ ಕಡತವನ್ನು ಹಿರಿಯ ಅಧಿಕಾರಿಯಿಂದ ನೋಡಿಸಬಹುದು, ಅಲ್ಲಿ ಹೊಸ ಕಾಗದ ಸೇರಿಸುವ ಹಾಗಿಲ್ಲ. ಇಲ್ಲವೇ ಸೀದಾ ಮಂಡಳಿಗೆ ಹೋಗಬಹುದು. ಫೋಟೋ ಇಲ್ಲ, ಅಳತೆ ಇಲ್ಲ ಅನ್ನುವಂಥ ಕೊರತೆ ಇದ್ದರೆ ಮೊದಲ ದಾರಿ ಒಳ್ಳೆಯದು ಅನ್ನಿಸುತ್ತದೆ. ಕಾಗದಗಳೆಲ್ಲ ಸರಿ ಇದ್ದು ನಿಯಮವನ್ನೇ ತಪ್ಪಾಗಿ ಹಚ್ಚಿದ್ದರೆ, ಎಸ್ತೆಬಾನ್‌ಗೆ ಆದ ಹಾಗೆ, ಎರಡನೆಯದೋ ಮೂರನೆಯದೋ. ಮಂಡಳಿಯಲ್ಲೂ ಸೋತರೆ ಕೋರ್ಟಿಗೆ ಹೋಗಲು 120 ದಿನ.

ಇನ್ನು ಉಳಿದಿರುವುದು ಅಳತೆಯ ಜಗಳ. ಮುಖದ ಆ ಉಬ್ಬಿದ ಕಲೆಯನ್ನು ಒಬ್ಬ ವೈದ್ಯರು ಅಳೆದು 0.5 ಸೆಂಟಿಮೀಟರ್ ಅಗಲ ಅಂತ ಬರೆದರು. ಇನ್ನೊಬ್ಬರು 0.6 ಅಂತ ಬರೆದರು ಅಂದುಕೊಳ್ಳಿ. ಒಬ್ಬರ ವರದಿ ಕಾರಣ ಕೊಟ್ಟು ಬರೆದದ್ದು, ಇನ್ನೊಬ್ಬರದು ಅರೆಬರೆ ಅಂತಾದರೆ ಮಂಡಳಿ ಒಂದನ್ನು ಆರಿಸಿಕೊಳ್ಳಬಹುದು. ಎರಡೂ ಸಮಸಮ ತೂಗಿದರೆ ಆರಿಸುವ ಸ್ವಾತಂತ್ರ್ಯ ಇಲ್ಲ. ಸಂಶಯದ ಲಾಭ ಸೈನಿಕನಿಗೆ ಅಂತ ಕಾನೂನಿನಲ್ಲೇ ಬರೆದಿದೆ. 1990ರಲ್ಲಿ ಇದೇ ಕೋರ್ಟು ಇದನ್ನು ವಿವರಿಸುವಾಗ ಬೇಸ್‌ಬಾಲ್ ಆಟವನ್ನು ನೆನೆದಿತ್ತು, ಚೆಂಡು ಮತ್ತು ಓಟಗಾರ ಒಟ್ಟಿಗೆ ತಲುಪಿದರೆ ಓಟಗಾರನಿಗೇ ಗೆಲುವು ಅಂತ. ನಮಗೆ ಇದು ಹೊಸದೇನಲ್ಲ. ರನ್ ಔಟ್ ಅನುಮಾನ ಇದ್ದರೆ ಬ್ಯಾಟ್ಸ್‌ಮನ್ ಉಳಿಯುತ್ತಾನೆ, ಗಲ್ಲಿ ಕ್ರಿಕೆಟ್ ಆಡುವ ಹುಡುಗರಿಗೂ ಗೊತ್ತು.

ಹಾಗಾಗಿ ಕಲೆ 0.6 ಆಗುತ್ತದೆ. ಎರಡು ಲಕ್ಷಣ, 10ರ ಬದಲು 30. ನೋವು, ಅಗಿಯುವ ತೊಂದರೆ ಸೇರಿ ಒಟ್ಟು 30 ಇದ್ದದ್ದು 40 ಆಗುತ್ತದೆ. 2025ರ ದರದಲ್ಲಿ 40 ಇದ್ದು ಒಬ್ಬರೇ ಇರುವವರಿಗೆ ತಿಂಗಳಿಗೆ 774 ಡಾಲರ್ 16 ಸೆಂಟ್. ಸ್ಕೇಲಿನ ಆ ಒಂದು ಮಿಲಿಮೀಟರಿನ ಬೆಲೆ ತಿಂಗಳಿಗೆ 236 ಡಾಲರ್ 74 ಸೆಂಟ್.